ರಾತ್ರಿ ಓದಲು ಜಾಗ: ಗ್ರಂಥಾಲಯ ಕೇಳಬೇಡಿ, ಬಾಗಿಲಿರುವ ಒಂದು ಕೋಣೆ ಕೇಳಿ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಅರ್ಥಶಾಸ್ತ್ರ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮ ಗ್ರಂಥಾಲಯ ರಾತ್ರಿ 8ಕ್ಕೆ ಮುಚ್ಚುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಜನ ಇದ್ದೇವೆ, ಒಬ್ಬರು ಮಲಗಿದರೂ ಲೈಟ್ ಆರಿಸಬೇಕು. ರಾತ್ರಿ ಓದಲು ಜಾಗ ಕೊಡಿ ಎಂದು ಎಲ್ಲರೂ ಸಹಿ ಹಾಕಿ ಮನವಿ ಕೊಟ್ಟೆವು. ಭದ್ರತೆ ಇಲ್ಲ, ಸಿಬ್ಬಂದಿ ಇಲ್ಲ, ಕರೆಂಟ್ ಬಿಲ್ ಜಾಸ್ತಿ ಆಗುತ್ತೆ ಎಂಬ ಉತ್ತರ ಬಂತು. ನಮ್ಮ ವಿದ್ಯಾರ್ಥಿನಿಯರ ಹಾಸ್ಟೆಲ್ ಗೇಟನ್ನು 8.30ಕ್ಕೇ ಹಾಕುತ್ತಾರೆ. ಹುಡುಗರಿಗೆ 10 ಗಂಟೆ. ನಿಜಕ್ಕೂ ಇದು ಅಷ್ಟು ಕಷ್ಟದ ಕೆಲಸವೇ? ಮುಂದೆ ಏನು ಮಾಡಬೇಕು?

ಉತ್ತರ: ಕಷ್ಟದ ಕೆಲಸ ಖಂಡಿತ ಅಲ್ಲ. ಆದರೆ ನಿಮ್ಮ ಮನವಿಯಲ್ಲಿ ಏನಿತ್ತು ಎಂದು ನಾನು ಊಹಿಸಬಲ್ಲೆ. "ಗ್ರಂಥಾಲಯವನ್ನು 24 ಗಂಟೆ ತೆರೆದಿಡಬೇಕು" ಎಂದಿತ್ತು, ಅಲ್ವಾ? ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡು ನಿವೃತ್ತನಾದವನು ನಾನು. ಆ ಸಾಲು ಇರುವ ಅರ್ಜಿ ಮೇಜಿಗೆ ಬಂದರೆ ಗ್ರಂಥಪಾಲಕರ ಎದೆ ಧಸಕ್ ಅನ್ನುತ್ತದೆ. ಯಾಕೆ ಅಂತ ಮೊದಲು ಹೇಳುತ್ತೇನೆ.

ನಮ್ಮಲ್ಲಿನ ಬಹಳಷ್ಟು ಗ್ರಂಥಾಲಯಗಳಿಗೆ ಓದುಗರು ಬಂದು ಹೋಗಲು ಇರುವುದು ಒಂದೇ ಬಾಗಿಲು. ಒಳಗೆ ಕಾಲಿಟ್ಟರೆ ಬ್ಯಾಗ್ ಇಡುವ ಕೌಂಟರ್. ಆಮೇಲೆ ಪುಸ್ತಕ ಕೊಡುವ ಕೌಂಟರ್. ಅದನ್ನು ದಾಟಿದರೆ ಕಪಾಟಿನ ಸಾಲು, ಆ ಸಾಲುಗಳ ನಡುವೆಯೇ ಓದುವ ಮೇಜು. ಅಂದರೆ ನಿಮ್ಮನ್ನು ಕೂರಲು ಬಿಡಬೇಕಾದರೆ ಇರುವ ಪುಸ್ತಕಗಳನ್ನೆಲ್ಲ ತೆರೆದಿಡಬೇಕು. ಸ್ಟಾಕ್ ವೆರಿಫಿಕೇಶನ್ ದಿನ, ಅಂದರೆ ಪುಸ್ತಕಗಳನ್ನು ಎಣಿಸಿ ತಾಳೆ ನೋಡುವ ದಿನ, ಪುಸ್ತಕ ಕಾಣದಿದ್ದರೆ ಉತ್ತರ ಕೊಡಬೇಕಾದವರು ಗ್ರಂಥಪಾಲಕರು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ವಿಷಯದಲ್ಲಿ ಸ್ವಲ್ಪ ದಯೆ ತೋರಿಸಿವೆ. ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ 1,000 ಪುಸ್ತಕಕ್ಕೆ 5 ಕಳೆದರೆ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದ ಪಕ್ಷದಲ್ಲಿ, ಅದು ಸಹಜ ನಷ್ಟ ಎನ್ನುತ್ತವೆ. ನಿಯಮ ಹಾಗಿದ್ದರೂ ಭಯ ಹೋಗಿಲ್ಲ. ಆಡಿಟ್ ಆಕ್ಷೇಪಣೆ ಬಂದು ಪಿಂಚಣಿ ಕಡತ ತಿಂಗಳುಗಟ್ಟಲೆ ನಿಂತರೆ ಎಂಬ ಭಯ ಅದು. ನಿವೃತ್ತಿಗೆ ಎರಡು ವರ್ಷ ಇರುವವರನ್ನು ರಾತ್ರಿಯಿಡೀ ಗ್ರಂಥಾಲಯ ತೆಗೆದಿಡಿ ಎಂದು ಕೇಳಿ ನೋಡಿ, ಮುಖ ಹೇಗಾಗುತ್ತೆ ಅಂತ.

ಆದರೆ ರಾತ್ರಿ ಹನ್ನೊಂದಕ್ಕೆ ನಿಮಗೆ ಬೇಕಿರುವುದು ಆ ಪುಸ್ತಕಗಳೇನಲ್ಲ. ಹಗಲೇ ತಂದುಕೊಂಡಿರುತ್ತೀರಿ, ಇಲ್ಲವೇ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡಿರುತ್ತೀರಿ. ನಿಮಗೆ ಬೇಕಿರುವುದು ಮೇಜು, ಕುರ್ಚಿ, ಬೆಳಕು, ಪ್ಲಗ್ ಪಾಯಿಂಟ್, ಮಾತಾಡದ ಅಕ್ಕಪಕ್ಕದವರು. ಹಾಗಾಗಿ ಗ್ರಂಥಾಲಯ ಕೇಳುವುದನ್ನು ಬಿಡಿ. ಹೊರಗಿನಿಂದ ತನ್ನದೇ ಬಾಗಿಲಿರುವ ಒಂದು ಕೋಣೆ ಕೇಳಿ. ಎಷ್ಟೋ ಗ್ರಂಥಾಲಯಗಳಲ್ಲಿ ದಿನಪತ್ರಿಕೆ ಓದುವ ಕೋಣೆ ಮುಂದುಗಡೆ ಇರುತ್ತದೆ. ಅದಕ್ಕೆ ವರಾಂಡದ ಕಡೆ ಒಂದು ಬಾಗಿಲೂ ಇರುತ್ತದೆ, ಅದರ ಮುಂದೆ ಮುರಿದ ಕುರ್ಚಿಗಳನ್ನು ಪೇರಿಸಿ ಇಟ್ಟಿರುತ್ತಾರೆ. ಕುರ್ಚಿ ಎತ್ತಿ ಆ ಬಾಗಿಲು ತೆಗೆಸಿ, ಒಳಗಡೆ ಕಪಾಟಿನತ್ತ ಹೋಗುವ ಬಾಗಿಲಿಗೆ ಬೀಗ ಹಾಕಿದರೆ ಮುಗಿಯಿತು. ಗ್ರಂಥಪಾಲಕರು ನಿಮ್ಮ ಪಕ್ಷಕ್ಕೆ ಬರುತ್ತಾರೆ. ದೆಹಲಿಯ ಜೆಎನ್‌ಯುನಲ್ಲಿ, ಹಲವು ಐಐಟಿಗಳಲ್ಲಿ ರಾತ್ರಿಯಿಡೀ ತೆರೆದಿರುತ್ತದೆ ಎಂದು ಹೇಳುವುದು ಇಂಥ ಓದುವ ಹಾಲ್‌ಗಳನ್ನೇ.

ಇಲ್ಲಿ ರಂಗನಾಥನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿದ್ದ ಎಸ್.ಆರ್. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಗ್ರಂಥಾಲಯ ವಿಜ್ಞಾನದ ಅವರ ಐದು ಸೂತ್ರಗಳು ಪ್ರಕಟವಾದದ್ದು 1931ರಲ್ಲಿ. ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ಆ ಒಂದು ಮಾತನ್ನು ವಿವರಿಸಲು ಅವರು ಎತ್ತಿಕೊಂಡ ವಿಷಯಗಳಲ್ಲಿ ಮೊದಲಿಗೆ ಬರುವವು ಗ್ರಂಥಾಲಯ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು ಎಂಬವೇ. ಗ್ರಂಥಾಲಯ ವಿಜ್ಞಾನದ ಪರೀಕ್ಷೆಯಲ್ಲಿ ಐದೂ ಸೂತ್ರ ಗಟಗಟ ಬರೆದು ಪಾಸಾದವರೇ 7.45ಕ್ಕೆ ಫ್ಯಾನ್ ಆರಿಸುತ್ತಾ ಬರುತ್ತಾರೆ. ನಾನೂ ಆರಿಸಿದ್ದೇನೆ.

ಇನ್ನು ಕೋಣೆ ಎಷ್ಟು ದೊಡ್ಡದಿರಬೇಕು ಎಂಬುದು. ಒಬ್ಬ ಓದುಗರಿಗೆ ಸುಮಾರು 25 ಚದರ ಅಡಿ ಎಂದು ಲೆಕ್ಕ ಹಿಡಿಯುವುದು ರೂಢಿ. 60 ಜನಕ್ಕೆ 1,500 ಚದರ ಅಡಿ, ಅಂದರೆ ಎರಡು ದೊಡ್ಡ ತರಗತಿ ಕೋಣೆಗಳಷ್ಟು. ಮೇಜಿನ ಮೇಲೆ 300ರಿಂದ 500 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಬೀಳಬೇಕು. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತದೆ, ತಕ್ಕಮಟ್ಟಿಗೆ ಸರಿ ತೋರಿಸುತ್ತದೆ. ತರಗತಿ ಕೋಣೆಗಳಲ್ಲಿ ಟ್ಯೂಬ್‌ಲೈಟ್ ಗೋಡೆಗೆ ಹಾಕಿರುತ್ತಾರೆ. ನಡುವಿನ ಬೆಂಚಿನಲ್ಲಿ ಕೂತವರಿಗೆ ಸ್ವಂತ ತಲೆಯ ನೆರಳೇ ಪುಸ್ತಕದ ಮೇಲೆ. ಇದನ್ನು ಹಗಲು ಹೋಗಿ ನೋಡಿದರೆ ಗೊತ್ತಾಗಲ್ಲ, ರಾತ್ರಿ ಒಮ್ಮೆ ಹೋಗಿ ಕೂತು ನೋಡಿ. ಕಿಟಕಿಗೆ ಸೊಳ್ಳೆ ಪರದೆ ಕೂಡ ಬೇಕು. ಇದನ್ನು ಯಾರೂ ಅರ್ಜಿಯಲ್ಲಿ ಬರೆಯುವುದಿಲ್ಲ, ಮೊದಲ ರಾತ್ರಿ ಮೇಜಿನ ಕೆಳಗೆ ಕಾಲು ಕೆರೆದುಕೊಳ್ಳುವಾಗ ನೆನಪಾಗುತ್ತದೆ.

ಕೋಣೆ ಸಿಗಲೇ ಇಲ್ಲವೆಂದರೆ ಹಾಸ್ಟೆಲ್ ಊಟದ ಹಾಲ್ ಇದೆ. ರಾತ್ರಿ 9.30ರಿಂದ ಬೆಳಗಿನ 5ರವರೆಗೆ ಅದು ಸುಮ್ನೆ ಖಾಲಿ ಬಿದ್ದಿರುತ್ತದೆ. ಲೈಟು, ಫ್ಯಾನು, ಮೇಜು, ನೀರು, ಶೌಚಾಲಯ ಎಲ್ಲ ಅಲ್ಲೇ. ಕತ್ತಲಲ್ಲಿ ನಡೆಯುವ ಪ್ರಮೇಯವೇ ಇಲ್ಲ. ಇಷ್ಟು ಅಗ್ಗದ ದಾರಿ ಬೇರೆ ಇಲ್ಲ. ತೊಂದರೆಗಳೂ ಇವೆ. ಮೇಜು ಒರೆಸಿದರೂ ಸಾರಿನ ಜಿಡ್ಡು ಹೋಗಲ್ಲ, ನೋಟ್ಸ್ ಹಾಳೆ ಅಂಟಿಕೊಳ್ಳುತ್ತೆ. ಬೆಂಚಿಗೆ ಒರಗು ಇರಲ್ಲ. ಮನೆಯಿಂದ ಬಂದು ಹೋಗುವ ಡೇ ಸ್ಕಾಲರ್‌ಗಳಿಗೆ ಪ್ರವೇಶ ಇಲ್ಲ. ಒಂದೇ ತರಗತಿಯ ಹುಡುಗ ಹುಡುಗಿಯರು ಕೂತು ಲೆಕ್ಕ ಬಿಡಿಸೋಣ ಅಂದರೆ ಆಗಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ವಿದ್ಯಾರ್ಥಿನಿಯರಿಗೆ ಇದನ್ನು ಕೊಟ್ಟು, "ನಿಮಗೆ ಒಳಗೇ ಕೊಟ್ಟಿದ್ದೀವಲ್ಲ, ಇನ್ನೇನು?" ಎಂದು ಗೇಟಿನ ಮಾತನ್ನು ಅಲ್ಲಿಗೇ ಮುಗಿಸುವ ಸಾಧ್ಯತೆ ಇದೆ. ತಾತ್ಕಾಲಿಕ ಎಂದು ಬರೆಸಿಕೊಂಡೇ ಒಪ್ಪಿಕೊಳ್ಳಿ.

ಈಗ ಶೌಚಾಲಯದ ವಿಷಯ. ನಗಬೇಡಿ. ನಾನು ಕೆಲಸ ಮಾಡುತ್ತಿದ್ದ ಕಡೆ ಪರೀಕ್ಷೆ ಹತ್ತಿರವಿದ್ದಾಗ ಮೊದಲ ಬಾರಿ ರಾತ್ರಿ ಓದುವ ಹಾಲ್ ಶುರು ಮಾಡಿದೆವು. ಹೊಸ ಎಲ್‌ಇಡಿ ದೀಪ, ಬಾಗಿಲಿಗೆ ಕಾವಲುಗಾರ, ಕುಡಿಯುವ ನೀರಿನ ಕ್ಯಾನ್ ಎಲ್ಲ ಸಿದ್ಧ. ಒಂಬತ್ತೂವರೆ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಎದ್ದು ಹೊರಗೆ ಹೋದಳು, ಎರಡು ನಿಮಿಷಕ್ಕೆ ವಾಪಸ್ ಬಂದಳು. ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಟ್ಟಳು. ಅವಳ ಜತೆ ಬಂದಿದ್ದ ಇಬ್ಬರೂ ಹೊರಟರು. ಏನಾಯಿತು ಎಂದು ಕಾವಲುಗಾರ ಹೋಗಿ ನೋಡಿದರೆ ಮಹಿಳೆಯರ ಶೌಚಾಲಯಕ್ಕೆ ಬೀಗ. ಕೀಲಿ ಸಂಜೆ 6ಕ್ಕೆ ಮನೆಗೆ ಹೋದ ಅಟೆಂಡರ್ ಜೇಬಿನಲ್ಲಿ. ಮರುದಿನ ಹಣಕಾಸು ವಿಭಾಗದಿಂದ ಕೇಳಿದರು, "ಹುಡುಗಿಯರು ಬರಲೇ ಇಲ್ಲವಂತೆ?" ಮೂರು ದಿನ ಆ ಕೀಲಿ ಯಾರ ಹತ್ತಿರ ಇರಬೇಕು ಎಂಬುದರ ಮೇಲೆ ಟಿಪ್ಪಣಿ ಓಡಾಡಿತು. ಎರಡನೇ ಕೀಲಿ ಮಾಡಿಸಲು ಪೇಟೆಯಲ್ಲಿ ಹತ್ತು ನಿಮಿಷ ಸಾಕಾಗಿತ್ತು. ಅವತ್ತಿನಿಂದ ಯಾರು ಸಲಹೆ ಕೇಳಿದರೂ ನಾನು ಮೊದಲು ಕೇಳುವುದು ವೈಫೈ ಬಗ್ಗೆ ಅಲ್ಲ, ಶೌಚಾಲಯ ಎಷ್ಟು ಹೆಜ್ಜೆ ದೂರ, ಅಲ್ಲಿ ಬಲ್ಬ್ ಉರಿಯುತ್ತಾ, ಒಳಗಿನ ಚಿಲಕ ಬೀಳುತ್ತಾ ಅಂತ.

ಕೋಣೆಯಷ್ಟೇ ಮುಖ್ಯ ಅಲ್ಲಿಂದ ಹಾಸ್ಟೆಲ್‌ವರೆಗಿನ ದಾರಿ. ನಮ್ಮ ವಿಶ್ವವಿದ್ಯಾಲಯಗಳು ಊರ ಹೊರಗೆ ನೂರಾರು ಎಕರೆಯಲ್ಲಿ ಹರಡಿಕೊಂಡಿವೆ. ಬೆಂಗಳೂರಿನ ಜ್ಞಾನಭಾರತಿ ಸಾವಿರ ಎಕರೆ ದಾಟುತ್ತದೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಕಾಡಂಚಿನಲ್ಲೇ ಇದೆ. ಹಗಲು ನೆರಳು ಕೊಡುವ ಮರಗಳೇ ರಾತ್ರಿ ಬೀದಿದೀಪವನ್ನು ಮುಚ್ಚುತ್ತವೆ. ಹೊಸ ಕಂಬ ಹಾಕಿಸಿ ಎಂದು ಕೇಳುವ ಮೊದಲು ಕೊಂಬೆ ಕಡಿಸಿ ಎಂದು ಕೇಳಿ, ಅದು ಒಂದು ದಿನದ ಕೆಲಸ. ನಿಮ್ಮಲ್ಲಿ ನಾಲ್ಕೈದು ಜನ ರಾತ್ರಿ 10ಕ್ಕೆ ಆ ದಾರಿಯಲ್ಲಿ ಒಮ್ಮೆ ನಡೆಯಿರಿ. ಎಲ್ಲಿ ದೀಪ ಉರಿಯುತ್ತಿಲ್ಲ, ನಾಯಿಗಳು ಎಲ್ಲಿ ಗುಂಪಾಗಿ ಇರುತ್ತವೆ, ಮಳೆಗಾಲದಲ್ಲಿ ಹಾವು ಕಂಡ ಜಾಗ ಯಾವುದು, ಕಂಬದ ನಂಬರ್ ಸಮೇತ ಬರೆದುಕೊಳ್ಳಿ. "ಭದ್ರತೆ ಇಲ್ಲ" ಎಂಬ ಮಾತಿಗೆ ಯಾರೂ ಉತ್ತರ ಕೊಡಲಾರರು. "14, 15, 19ನೇ ಕಂಬದ ದೀಪ ಕೆಟ್ಟಿದೆ" ಎಂಬುದಕ್ಕೆ ಇಂಜಿನಿಯರಿಂಗ್ ವಿಭಾಗ ಉತ್ತರ ಕೊಡಲೇಬೇಕು.

ಗೇಟಿನ ವಿಷಯಕ್ಕೆ ಬರೋಣ. 8.30 ಮತ್ತು 10. ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಹೇಳಿಹೋದ ಈ ವ್ಯತ್ಯಾಸವೇ ನಿಮ್ಮ ಕೈಯಲ್ಲಿರುವ ದೊಡ್ಡ ಆಧಾರ. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯಲು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ತಂದ 2015ರ ನಿಯಮಾವಳಿ ಇದೆ. ಅದನ್ನು ದೂರು ಸಮಿತಿಯ ನಿಯಮ ಅಂತ ಮಾತ್ರ ಎಲ್ಲರೂ ತಿಳಿದಿದ್ದಾರೆ. ಒಳಗೆ ಓದಿದರೆ, ಸುರಕ್ಷತೆಯ ಹೆಸರು ಹೇಳಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಹುಡುಗರಿಗಿಂತ ಬೇರೆ ನಿಯಮ ಹೇರಬಾರದು ಎಂದು ಸ್ಪಷ್ಟವಾಗಿದೆ. ಅಷ್ಟೇ ಅಲ್ಲ. ಕ್ಯಾಂಪಸ್ಸಿನಲ್ಲಿ ಸಾಕಷ್ಟು ಬೆಳಕು ಇರಬೇಕು, ಕಾವಲಿಗೆ ಮಹಿಳಾ ಸಿಬ್ಬಂದಿಯೂ ಇರಬೇಕು ಎಂದಿದೆ. ಗ್ರಂಥಾಲಯ ಮತ್ತು ಪ್ರಯೋಗಾಲಯಗಳಲ್ಲಿ ತಡವಾಗಿ ಕೆಲಸ ಮಾಡುವವರಿಗೆ ನಂಬಬಹುದಾದ ವಾಹನ ವ್ಯವಸ್ಥೆ ಮಾಡುವ ಬಗ್ಗೆಯೂ ಹೇಳಿದೆ. ನಿಮಗೆ ಬೇಕಾದ್ದೆಲ್ಲ ಅಲ್ಲೇ ಇದೆ ನೋಡಿ. 2022ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ 9.30ರ ಗೇಟ್ ನಿಯಮ ಪ್ರಶ್ನಿಸಿ ಕೇರಳ ಹೈಕೋರ್ಟಿಗೇ ಹೋಗಿದ್ದರು. ನೀವು ಕೋರ್ಟಿಗೆ ಹೋಗಬೇಕಿಲ್ಲ. ನಿಯಮದ ಆ ಪುಟದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಫೈಲಿನೊಳಗೆ ಯುಜಿಸಿ ಹಾಳೆ ಸೇರಿದರೆ ಅದನ್ನು ಸುಲಭವಾಗಿ ಬದಿಗಿಡಲು ಆಗಲ್ಲ.

ನಿಲಯಪಾಲಕರನ್ನು ಮಾತ್ರ ವೈರಿ ಮಾಡಿಕೊಳ್ಳಬೇಡಿ. ಮನೆಯವರು ಫೋನ್ ಮಾಡಿ "ನನ್ನ ಮಗಳೆಲ್ಲಿ?" ಎಂದು ಕೇಳುವುದು ಅವರನ್ನೇ. ಹಾಲ್‌ನಿಂದ ಹೊರಟ ಸಮಯ, ಹಾಸ್ಟೆಲ್ ತಲುಪಿದ ಸಮಯ ಬರೆಯುವ ಒಂದು ಪುಸ್ತಕ ಇಟ್ಟರೆ ಅವರ ಅರ್ಧ ಆತಂಕ ಇಳಿಯುತ್ತದೆ. ಆ ಪುಸ್ತಕ ಹುಡುಗರ ಹಾಸ್ಟೆಲಿನಲ್ಲೂ ಇರಲಿ.

ಎಷ್ಟು ಗಂಟೆವರೆಗೆ ತೆರೆದಿರಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮನವಿಗಳಲ್ಲಿ ಸಾಮಾನ್ಯವಾಗಿ "ರಾತ್ರಿ 1 ಗಂಟೆವರೆಗೆ" ಅಥವಾ "2ರವರೆಗೆ" ಎಂದಿರುತ್ತದೆ. ನಡುಹಾದಿಯ ರಾಜಿ ಅದು. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಕೆಟ್ಟ ವೇಳೆ. ಒಂದು ಗಂಟೆಗೆ ಬಾಗಿಲು ಹಾಕಿದರೆ ಇಡೀ ಕ್ಯಾಂಪಸ್ ಮಲಗಿರುವ ಹೊತ್ತಲ್ಲಿ ಎಲ್ಲರನ್ನೂ ದಾರಿಗೆ ತಳ್ಳಿದಂತೆ. ಚಹಾ ಅಂಗಡಿ ಮುಚ್ಚಿರುತ್ತೆ, ಗಾರ್ಡ್ ತೂಕಡಿಸುತ್ತಿರುತ್ತಾರೆ. ಹಾಗಾಗಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಸಾಮಾನ್ಯ ದಿನಗಳಲ್ಲಿ 11.30ಕ್ಕೆ ಮುಚ್ಚಿ, ಹಾಸ್ಟೆಲ್‌ವಾರು ಗುಂಪಾಗಿ ಹೋಗಲಿ. ಪರೀಕ್ಷೆಗೆ ಮುಂಚಿನ ಒಂದು ತಿಂಗಳು ಬೆಳಿಗ್ಗೆ 6ರವರೆಗೂ ತೆರೆದಿಡಿ, ಬೇಡವೆಂದವರು 11.30ರ ಗುಂಪಿನೊಂದಿಗೆ ಹೋಗಲಿ, ಉಳಿದವರು ಬೆಳಕು ಹರಿದ ಮೇಲೆ ಹೊರಡಲಿ. ಮೂರು ಗಂಟೆಗೆ ಅಲ್ಲಿ ಕೂತವರಲ್ಲಿ ಅರ್ಧ ಜನ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿರುತ್ತಾರೆ. ಮಲಗಲಿ ಬಿಡಿ, ಹೊಡೆದೆಬ್ಬಿಸುವ ಅಗತ್ಯವಿಲ್ಲ. ರಾತ್ರಿ ಕಳೆದು ಓದುವುದು ಶೋಕಿ ಎನ್ನುವ ಹಿರಿಯರಿಗೂ ಒಂದು ಮಾತು: ಹದಿಹರೆಯದಲ್ಲೂ ಇಪ್ಪತ್ತರ ಆಸುಪಾಸಿನಲ್ಲೂ ನಿದ್ದೆ ಬರಿಸುವ ಮೆಲಟೋನಿನ್ ಹಾರ್ಮೋನು ತಡವಾಗಿ ಏರುತ್ತದೆ. ಅವರಿಗೆ ಹತ್ತು ಗಂಟೆಗೆ ನಿದ್ದೆ ಬಾರದಿರುವುದು ಮೈಯ ಗುಣ.

ಕರೆಂಟ್ ಬಿಲ್? ಬನ್ನಿ, ಕಾಗದದ ಮೇಲೆ ಹಾಕಿಯೇ ನೋಡೋಣ. 60 ಕುರ್ಚಿಯ ಹಾಲ್. 20 ವ್ಯಾಟಿನ ಎಲ್‌ಇಡಿ ಟ್ಯೂಬ್ 20, ಅಂದರೆ 400 ವ್ಯಾಟ್. ಹಳೇ ಮಾದರಿಯ 75 ವ್ಯಾಟಿನ ಫ್ಯಾನ್ 10, ಅದು 750. ಅರ್ಧ ಜನ ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದರು ಎನ್ನಿ, ತಲಾ 50ರಂತೆ 1,500. ಒಟ್ಟು 2,650 ವ್ಯಾಟ್. ರಾತ್ರಿ 8ರಿಂದ ಬೆಳಿಗ್ಗೆ 6, ಹತ್ತು ಗಂಟೆ ಉರಿದರೆ 26.5 ಯೂನಿಟ್. ಯೂನಿಟ್ಟಿಗೆ 10 ರೂಪಾಯಿ ಎಂದೇ ಇಟ್ಟುಕೊಳ್ಳಿ, ರಾತ್ರಿಗೆ 265 ರೂಪಾಯಿ. ತಿಂಗಳಿಗೆ 8,000ದೊಳಗೆ. 11.30ಕ್ಕೆ ಮುಚ್ಚಿದರೆ ಅದರ ಮೂರರಲ್ಲಿ ಒಂದು ಪಾಲು ಚಿಲ್ಲರೆ. ಒಂದು ಸಮಿತಿ ಸಭೆಯ ಕಾಫಿ, ಬೋಂಡ, ಗೋಡಂಬಿ ತಟ್ಟೆಯ ಬಿಲ್ ಎಷ್ಟಾಗುತ್ತದೆ ಎಂದು ನನಗೆ ಗೊತ್ತು, ಸಹಿ ಹಾಕಿದವನು ನಾನೇ. ಎಸಿ ಮಾತ್ರ ಕೇಳಬೇಡಿ. ಒಂದೂವರೆ ಟನ್ನಿನ ಒಂದು ಎಸಿ ಓಡುವಾಗ ಸುಮಾರು 1,500 ವ್ಯಾಟ್ ಎಳೆಯುತ್ತದೆ, ನಿಮ್ಮ ಮೂವತ್ತು ಲ್ಯಾಪ್‌ಟಾಪ್‌ಗಳಷ್ಟು. ಅದರ ಬದಲು ಯುಪಿಎಸ್ ಕೇಳಿ. ಕರೆಂಟ್ ಹೋದಾಗ ದೀಪವಾದರೂ ಉರಿಯಬೇಕು.

ನಿಜವಾದ ಖರ್ಚು ಇರುವುದು ಜನಕ್ಕೆ. ಅದನ್ನು ಮುಚ್ಚಿಡಬೇಡಿ. ರಾತ್ರಿ ಪಾಳಿಗೆ ಒಬ್ಬರು ಕಾವಲಿಗೆ ಬೇಕು ಎಂದರೆ ಒಬ್ಬರನ್ನು ತೆಗೆದುಕೊಂಡರೆ ಸಾಲದು. ವಾರದ ರಜೆ ಇದೆ, ಜ್ವರ ಬರುತ್ತದೆ, ಊರಲ್ಲಿ ಜಾತ್ರೆ ಇರುತ್ತದೆ. ಬದಲಿಗೆ ಇನ್ನೊಬ್ಬರು ಇರಲೇಬೇಕು. ಆದರೆ ಗ್ರಂಥಾಲಯದ ಕಟ್ಟಡಕ್ಕೆ ಈಗಾಗಲೇ ರಾತ್ರಿ ಗಾರ್ಡ್ ಇದ್ದೇ ಇರುತ್ತಾರೆ. ಮುಚ್ಚಿದ ಬಾಗಿಲ ಮುಂದೆ ಕುರ್ಚಿ ಹಾಕಿ ಕೂರುತ್ತಾರೆ. ಅವರೇ ತೆರೆದ ಬಾಗಿಲ ಮುಂದೆ ಕೂರಬಹುದು. ಒಳಗಿನ ಉಸ್ತುವಾರಿಗೆ ಓದುತ್ತಾ ದುಡಿಯುವ ಯೋಜನೆಯಡಿ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳನ್ನು ಹಾಕಿದರೆ ಖಾಯಂ ಸಿಬ್ಬಂದಿಯ ಪ್ರಶ್ನೆಯೇ ಏಳುವುದಿಲ್ಲ. ಗಾರ್ಡಿಗೂ ಒಂದು ಲೋಟ ಚಹಾ ಸಿಗುವ ಹಾಗೆ ನೋಡಿಕೊಳ್ಳಿ. ಅವರು ನಿಮ್ಮವರಾದರೆ ಹಾಲ್ ಉಳಿಯುತ್ತದೆ.

ಒಳಗಿನ ನಿಯಮಗಳನ್ನು ಒಂದು ಹಾಳೆಗಿಂತ ಹೆಚ್ಚು ಬರೆಯಬೇಡಿ. ಅತಿ ಹೆಚ್ಚು ಜಗಳ ಆಗುವುದು ಸೀಟಿಗೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಸಂಜೆ 7ಕ್ಕೇ ಬ್ಯಾಗಿಟ್ಟು ಊಟಕ್ಕೆ ಹೋದವರು ಹತ್ತಕ್ಕೆ ಬರುತ್ತಾರೆ. ಪ್ಲಗ್ ಪಾಯಿಂಟ್ ಪಕ್ಕದ ಸೀಟಾದರೆ ಕೇಳಲೇಬೇಡಿ. ನಮ್ಮಲ್ಲಿ ಕೊನೆಗೆ ನಡೆದದ್ದು ಒಂದೇ ಉಪಾಯ: ಅರ್ಧ ಗಂಟೆ ಖಾಲಿ ಇದ್ದ ಸೀಟಿನ ಬ್ಯಾಗನ್ನು ಉಸ್ತುವಾರಿಯವರು ಬಾಗಿಲ ಬಳಿಯ ಮೇಜಿಗೆ ಸಾಗಿಸುವುದು. ಎರಡು ದಿನ ಗೊಣಗಿದರು, ಮೂರನೇ ದಿನ ಸರಿಹೋಯಿತು. ಪ್ರತಿ ಮೇಜಿಗೂ ಪ್ಲಗ್ ಪಾಯಿಂಟ್ ಎಳೆಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇನ್ನೊಂದು ಪ್ರಶ್ನೆಗೂ ತಯಾರಾಗಿ ಹೋಗಿ. "ಇವರೆಲ್ಲ ಸೆಮಿಸ್ಟರ್ ಪರೀಕ್ಷೆಗೆ ಓದಲ್ಲ, ಪಿಡಿಒ, ಎಫ್‌ಡಿಎ, ಪಿಎಸ್‌ಐ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದ್ತಾರೆ, ಅದಕ್ಕೆ ವಿಶ್ವವಿದ್ಯಾಲಯ ಯಾಕೆ ಜಾಗ ಕೊಡಬೇಕು?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಓದಲಿ, ಅದರಲ್ಲಿ ತಪ್ಪೇನು? ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ತಿಂಗಳ ಬಾಡಿಗೆಗೆ ಕುರ್ಚಿ ಕೊಡುವ ರೀಡಿಂಗ್ ರೂಮುಗಳು ನಡೆಯುತ್ತಿವೆ. ಹಣ ಇದ್ದವರು ಅಲ್ಲಿಗೆ ಹೋಗುತ್ತಾರೆ. ಕ್ಯಾಂಪಸ್ಸಿನ ಹಾಲ್ ಬೇಕಿರುವುದು ಆ ಬಾಡಿಗೆಯನ್ನೂ ಕಟ್ಟಲಾಗದವರಿಗೆ. ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರ ಕತೆಯನ್ನು ಈ ಸಭೆಗಳಲ್ಲಿ ಒಬ್ಬರಾದರೂ ಹೇಳುತ್ತಾರೆ. ಆ ಕತೆ ಕೇಳಿದಾಗಲೆಲ್ಲ ನನಗೆ ಅನ್ನಿಸುವುದು, ಆ ಹುಡುಗನಿಗೆ ಯಾರೂ ಒಂದು ಕೋಣೆ ಕೊಡಲಿಲ್ಲವಲ್ಲ ಅಂತ.

ಅರ್ಜಿಯನ್ನು ಹೊಸದಾಗಿ ಬರೆಯಿರಿ, ಎರಡು ಪುಟ ಮೀರದಿರಲಿ. ಕುಲಪತಿಗಳಿಗೆ ನೇರವಾಗಿ ಕೊಟ್ಟರೆ ಅದು ತಿರುಗಿ ಗ್ರಂಥಪಾಲಕರಿಗೇ "ಅಭಿಪ್ರಾಯಕ್ಕಾಗಿ" ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಮೊದಲು ಗ್ರಂಥಪಾಲಕರ ಜತೆ ಕೂತು ಕೋಣೆ ಯಾವುದೆಂದು ಒಪ್ಪಿಸಿ, ಅವರಿಂದಲೇ ಗ್ರಂಥಾಲಯ ಸಮಿತಿಗೆ ಟಿಪ್ಪಣಿ ಹೋಗಲಿ, ಪ್ರತಿ ಕುಲಸಚಿವರಿಗೆ ಮತ್ತು ನಿಲಯಪಾಲಕರಿಗೆ. ಕೇಳುವುದು ಖಾಯಂ ವ್ಯವಸ್ಥೆ ಅಲ್ಲ, ಪರೀಕ್ಷೆಗೆ ಮುಂಚಿನ 30 ದಿನದ ಪ್ರಯೋಗ ಎಂದು ಬರೆಯಿರಿ. ಖಾಯಂ ಎಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ಗೆ ಹೋಗುತ್ತದೆ, ಪ್ರಯೋಗಕ್ಕೆ ಒಂದು ಸುತ್ತೋಲೆ ಸಾಕಾಗಬಹುದು. ಮೇಲಿನ ಕರೆಂಟ್ ಲೆಕ್ಕ, ಕಂಬದ ನಂಬರುಗಳು, ಯುಜಿಸಿ ಹಾಳೆ ಲಗತ್ತಿಸಿ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ತನ್ನ ಮೌಲ್ಯಮಾಪನದಲ್ಲಿ ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲವನ್ನೂ ನೋಡುತ್ತದೆ. ನ್ಯಾಕ್ ಮೌಲ್ಯಮಾಪನದ ವರ್ಷವಾಗಿದ್ದರೆ ಆ ಸಾಲನ್ನು ಮೊದಲ ಪ್ಯಾರಾದಲ್ಲೇ ಹಾಕಿ, ಫೈಲ್ ಓಡುತ್ತದೆ.

ಪ್ರಯೋಗ ಶುರುವಾದ ದಿನದಿಂದ ಬಾಗಿಲಲ್ಲಿ ಒಂದು ರೂಲ್ ಹಾಕಿದ ನೋಟ್‌ಬುಕ್ ಇಡಿ. ಹೆಸರು, ವಿಭಾಗ, ಬಂದ ಸಮಯ, ಹೋದ ಸಮಯ. ಜತೆಗೆ ಗಂಟೆಗೊಮ್ಮೆ ಎಷ್ಟು ಕುರ್ಚಿ ತುಂಬಿದೆ ಎಂದು ಎಣಿಸಿ ಕೊನೆಯ ಪುಟದಲ್ಲಿ ಬರೆಯಿರಿ. ಮೊದಲ ವಾರ ಹತ್ತು ಹದಿನೈದು ಜನ ಬಂದರೆ ಬೇಜಾರಾಗಬೇಡಿ, ವಿಷಯ ಹಬ್ಬಲು ಅಷ್ಟು ದಿನ ಬೇಕು. ಬರದಿದ್ದವರನ್ನೂ ಕೇಳಿ, ಯಾಕೆ ಬರಲಿಲ್ಲ ಎಂದು. ಮೂವತ್ತನೇ ದಿನ ಮುಂದುವರಿಸಿ ಎಂದು ಕೇಳಲು ಹೋಗುವಾಗ ಹೊಸ ಮನವಿ ಬರೆಯಬೇಕಾಗಿಲ್ಲ, ಆ ನೋಟ್‌ಬುಕ್ಕನ್ನೇ ಹಣಕಾಸು ಅಧಿಕಾರಿಯ ಮೇಜಿನ ಮೇಲಿಡಿ. ಶೌಚಾಲಯದ ಕೀಲಿ ಕೆಲಸ ಮಾತ್ರ ಇವತ್ತೇ ಮಾಡಿಸಿ.